ಯಾರ ಟೇಬಲ್ಲೋ ಅವರ ಹೊಣೆ

ಪತ್ರಿಕೆಯಲ್ಲಿ ಅವರ ಫೋಟೋದ ಕೆಳಗೆ ‘ಅಜಾತಶತ್ರು’ ಎಂದು ಅಚ್ಚಾಗಿತ್ತು. ಓದಿ ಮೈ ಉರಿಯಿತು. ನಾನಿನ್ನೂ ಬದುಕಿದ್ದೇನಲ್ಲ!

ಸುದ್ದಿ ಮೊದಲು ಹೇಳಿದವರು ಬಶೀರ್ ಭಾಯ್. ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲೇ ಹುಟ್ಟಿ ಕ್ಯಾಂಪಿನಲ್ಲೇ ಮುದುಕರಾದವರು, ನಮ್ಮ ಆಫೀಸಿನಲ್ಲಿ ನನ್ನ ಬಾಜೂ ಟೇಬಲ್ಲಿನಲ್ಲಿ ಕೂತು ಲೆಕ್ಕ ನೋಡಿಕೊಂಡವರು. ಫೋನಿನಲ್ಲಿ “ಬಾಯಾರ, ಅಣ್ಣಾರು ಹೋದ್ರಂತ ನೋಡ್ರಿ” ಎಂದರು. ನಾನು “ಹೂಂ” ಎಂದೆ. ಅವರು “ಚಾ ಆತೇನ್ರಿ?” ಎಂದು ಕೇಳಿದರು. ನಮ್ಮಿಬ್ಬರ ಶೋಕ ಅಷ್ಟಕ್ಕೇ ಮುಗಿಯಿತು.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಗಂಡ ಹೇಳುತ್ತಾರೆ. ಅವರು ಗುಂಜಿಯ ಸಾಲಿ ಮಾಸ್ತರರು, ಹಾಗೆ ಹೇಳಿ ಹೇಳಿ ರೂಢಿಯಾಗಿದೆ. ನಾನು ಮಾಸ್ತರಳಲ್ಲ. ಅಣ್ಣಾರನ್ನು ದೇವರಂಥ ಮನುಷ್ಯ ಎನ್ನುವವರು ಬೆಳಗಾವಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರ ಮಾತು ಅವರು ಬರೆದುಕೊಳ್ಳಲಿ. ನಾನು ಕಂಡದ್ದನ್ನು ನಾನು ಬರೆಯುತ್ತೇನೆ.

ಅವರು ನಮ್ಮ ಆಫೀಸಿನ ಮ್ಯಾನೇಜರು. ಖಾನಾಪುರದಲ್ಲಿ ಹೆಂಚಿನ ಕಾರ್ಖಾನೆ, ಅದರ ಆಫೀಸು ಮಾತ್ರ ಬೆಳಗಾವಿ ಕ್ಯಾಂಪಿನ ಒಂದು ಹಳೆಯ ಬಂಗಲೆಯಲ್ಲಿ. ಮಾಲೀಕರು ಇರುತ್ತಿದ್ದದ್ದು ಕೊಲ್ಹಾಪುರದಲ್ಲಿ, ಯಾವಾಗಲೋ ಒಮ್ಮೆ ಬಂದು ಹೋಗುತ್ತಿದ್ದರು. ಹಾಗಾಗಿ ಇಲ್ಲಿಯ ದೊರೆ ಇವರೇ. ಎಪ್ಪತ್ತರ ದಶಕದ ನಡುವೆ ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದ ದಿನ “ನಮಸ್ಕಾರ ಸಾಹೇಬ್ರ” ಎಂದದ್ದಕ್ಕೆ ಎರಡೂ ಕೈ ಎತ್ತಿ ತಡೆದರು.

“ಸಾಹೇಬ ಗೀಹೇಬ ಬ್ಯಾಡ ತಂಗಿ. ನಮ್ಮಲ್ಲಿ ಮ್ಯಾಲ-ಕೆಳಗ ಇಲ್ಲ. ನಾ ಎಲ್ಲಾರಿಗೂ ಅಣ್ಣ.”

ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಿ ತುಂಬ ಕಾಯಕ, ದಾಸೋಹ, ಸಮಾನತೆ. ನನಗೆ ಕಣ್ಣಲ್ಲಿ ನೀರೇ ಬಂದಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದೆ, ಇಂಥ ಮ್ಯಾನೇಜರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು. ಆ ಪುಣ್ಯ ತಿಂಗಳೊಪ್ಪತ್ತಿನಲ್ಲಿ ಖರ್ಚಾಯಿತು.

ಅವರ ಸಮಾನತೆ ಮಧ್ಯಾಹ್ನದ ಊಟದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಎಲ್ಲರೂ ಒಟ್ಟಿಗೆ ಉಣ್ಣಬೇಕು ಎಂಬುದು ಅವರದೇ ನಿಯಮ. ಡಬ್ಬಿ ಬಿಚ್ಚಿದ ಕೂಡಲೇ “ತಂಗಿ ಏನ್ ತಂದಾಳ ನೋಡೂಣು” ಎಂದು ನನ್ನ ಬದನೆಕಾಯಿ ಎಣ್ಣೆಗಾಯಿಯಲ್ಲಿ ಕೈ ಇಡುತ್ತಿದ್ದರು. ಶೇಂಗಾ ಚಟ್ನಿ ಇದ್ದವರು ಶೇಂಗಾ ಚಟ್ನಿ ಕಳೆದುಕೊಳ್ಳುತ್ತಿದ್ದರು. ಅವರ ಡಬ್ಬಿಗೆ ಮಾತ್ರ ಯಾರೂ ಕೈ ಹಾಕುವ ಹಾಗಿಲ್ಲ. “ನನ್ನದು ಪಥ್ಯದ ಊಟ ಅದ, ನಿಮಗ ರುಚಿ ಹತ್ತೂದಿಲ್ಲ.” ಒಮ್ಮೆ ಮುಚ್ಚಳ ಜಾರಿದಾಗ ನೋಡಿದೆವು, ಒಳಗೆ ತುಪ್ಪ ಸುರಿದ ಹೋಳಿಗೆ ಇತ್ತು. ಬಶೀರ್ ಭಾಯ್ ನನ್ನ ಕಿವಿಯ ಹತ್ತಿರ ಬಾಗಿ “ಡಾಕ್ಟರ್ ಯಾರ ಅಂತ ಕೇಳ್ಕೊಂಡ್ ಬರ್ತೀನಿ, ನನಗೂ ಅದs ಪಥ್ಯ ಬೇಕು” ಎಂದರು.

ಇನ್ನೊಂದು ಅವರ ಎಡಗೈ. ಆ ಎಡಗೈಯನ್ನು ನಾನು ಎಂದೂ ಮರೆಯಲಾರೆ. ಬಂಗಲೆಯ ಸೂರು ಬಹಳ ಎತ್ತರ, ಉದ್ದ ಕೊಳವೆಗೆ ನೇತುಹಾಕಿದ ಫ್ಯಾನುಗಳು, ಗೋಡೆಯ ಮೇಲೆ ಮರದ ಹಲಗೆಗೆ ಜೋಡಿಸಿದ ದುಂಡನೆಯ ಕರಿ ಸ್ವಿಚ್ಚುಗಳು. ಯಾರಾದರೂ ನೀರು ಕುಡಿಯಲು ಎದ್ದರೆ ಸಾಕು, ಅವರು ತಿರುಗಿ ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತಿತ್ತು. ಅಣ್ಣಾರು ಯಾರ ಜೊತೆಗೋ ಮಾತಾಡುತ್ತ ನಡೆಯುತ್ತಿರುವಾಗಲೇ, ಆ ಕಡೆ ನೋಡದೆಯೂ, ಎಡಗೈ ಹಿಂಬದಿಯಿಂದ ಟಕ್ ಎಂದು ಸ್ವಿಚ್ಚು ಆರಿಸಿ ಮುಂದೆ ಹೋಗುತ್ತಿದ್ದರು. ಕುರ್ಚಿ ಖಾಲಿ ಕಂಡರೆ ಆ ಕೈ ತಾನಾಗಿಯೇ ಏಳುತ್ತಿತ್ತು. ಬೇಸಿಗೆಯಲ್ಲಿ ನಾವು ಮೂತ್ರಕ್ಕೆ ಹೋಗಲೂ ಯೋಚಿಸುತ್ತಿದ್ದೆವು.

ಮತ್ತೆ ಅವರ ಪ್ರಶ್ನೆ. ಆಫೀಸಿನಲ್ಲಿ ಏನೇ ಕೆಟ್ಟರೂ, ಏನೇ ತಪ್ಪಿದರೂ, ಅವರು ಕೇಳುತ್ತಿದ್ದದ್ದು ಒಂದೇ: “ಕೈ ಯಾರದು?” ಕೆಟ್ಟದ್ದನ್ನು ಸರಿ ಮಾಡುವ ಮಾತು ಆಮೇಲೆ. ನಾನು ಸೇರಿದ ಹೊಸತರಲ್ಲಿ ಧಾರವಾಡದ ಒಬ್ಬ ಗಿರಾಕಿಗೆ ಹೋಗಬೇಕಾದ ಟೆಲಿಗ್ರಾಮು ಗದಗಿಗೆ ಹೋಯಿತು. ಗದಗ ಎಂದು ಹೇಳಿ ಬರೆಸಿದವರು ಅವರೇ. ನಾನು ಹಾಗೆಂದೆ. ಅವರು ನಕ್ಕು, ಪ್ರೀತಿಯಿಂದಲೇ, “ಬಾಯಿ ನಂದು ಇರಬಹುದು ತಂಗಿ. ಕೈ ಯಾರದು?” ಎಂದರು. ಬೈಯಲಿಲ್ಲ. ಅವರು ಎಂದೂ ಯಾರನ್ನೂ ಬೈಯಲಿಲ್ಲ. ಮಾಲೀಕರ ಕಿವಿಗೆ ಮಾತ್ರ ಯಾರ ಹೆಸರು ಹೋಗಬೇಕೋ ಅದು ಹೋಗುತ್ತಿತ್ತು.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಂಡ ಓದಿ ಬೇಜಾರು ಮಾಡಿಕೊಳ್ಳುತ್ತಾರೆ. ಬಶೀರ್ ಭಾಯ್ ಮಗನಿಗೆ ಕಾಲು ಮುರಿದಾಗ ದವಾಖಾನೆಯಲ್ಲಿ ರಾತ್ರಿಯಿಡೀ ಕೂತವರು ಅಣ್ಣಾರು. ಯಾರ ಮನೆಯಲ್ಲಿ ಮದುವೆಯಾದರೂ ಮುಂದೆ ನಿಂತು ಬಡಿಸುತ್ತಿದ್ದರು. ಹೊರಗಿನವರಿಗೆ ಕಂಡ ಮನುಷ್ಯ ಅವರು, ಅದು ಸುಳ್ಳಲ್ಲ. ಆದರೆ ಅವರ ಕೈ ಕೆಳಗೆ ಕೂತವರಿಗೆ ಕಂಡದ್ದು ಬೇರೆ.

ಇನ್ನು ನನ್ನ ವಿಷಯ. ನಾನು ಬರುತ್ತಿದ್ದದ್ದು ಗುಂಜಿಯಿಂದ, ಮುಂಜಾನೆಯ ಪ್ಯಾಸೆಂಜರ್ ಗಾಡಿಯಲ್ಲಿ. ಗುಂಜಿ ಬಿಟ್ಟರೆ ಖಾನಾಪುರ, ಅದರಾಚೆ ಬೆಳಗಾವಿ. ಕಾರ್ಖಾನೆಯ ಒಂದು ಸಣ್ಣ ಆಫೀಸು ಖಾನಾಪುರದಲ್ಲೇ ಇತ್ತು, ಲಾರಿ ತುಂಬಿಸಿ ಕಳಿಸುವ ಲೆಕ್ಕ ಅಲ್ಲಿ ನಡೆಯುತ್ತಿತ್ತು. ನನ್ನನ್ನು ಅಲ್ಲಿಗೆ ಹಾಕಿ ಎಂದು ಮಗಳು ಹುಟ್ಟಿದ ವರ್ಷದಿಂದ ಕೇಳುತ್ತ ಬಂದಿದ್ದೆ. “ಮಾಡೂಣು ತಂಗಿ, ನೀ ನನ್ನ ಒಡಹುಟ್ಟಿದಾಕಿ ಇದ್ದಂಗ” ಎನ್ನುತ್ತಿದ್ದರು. ಮಗಳು ನಡೆಯಲು ಕಲಿತಳು, ಸಾಲಿಗೆ ಸೇರಿದಳು, ಅತ್ತೆಯವರನ್ನೇ ಅವ್ವಾ ಎಂದು ಕರೆಯುತ್ತ ಬೆಳೆದಳು. ಅಣ್ಣಾರು ಮಾಡೂಣು ಎನ್ನುತ್ತಲೇ ಇದ್ದರು.

ಮಗಳು ಏಳನೇ ಇಯತ್ತೆಗೆ ಬಂದಾಗ ನಾನು ಹಟ ಹಿಡಿದೆ. ಗುಂಜಿಯಲ್ಲಿ ಹೈಸ್ಕೂಲು ಇರಲಿಲ್ಲ, ಮುಂದಿನ ವರ್ಷದಿಂದ ಅವಳು ಖಾನಾಪುರಕ್ಕೇ ಹೋಗಬೇಕು. ನನಗೂ ಖಾನಾಪುರಕ್ಕೆ ಬದಲಿಯಾದರೆ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ, ಸಂಜೆ ಒಂದೇ ಗಾಡಿಯಲ್ಲಿ ಬರಬಹುದು. ಮೂರು ವರ್ಷದ ಹೈಸ್ಕೂಲು. ಹನ್ನೆರಡು ವರ್ಷ ನನ್ನ ಕೈಗೆ ಸಿಗದೆ ಬೆಳೆದ ಹುಡುಗಿ ಇನ್ನು ಮೂರು ವರ್ಷವಾದರೂ ನನ್ನವಳಾಗಿರಲಿ ಎಂಬ ಆಸೆ. ನಾನು ಜೀವನದಲ್ಲಿ ಬೇರೆ ಯಾವುದನ್ನೂ ಅಷ್ಟು ಬಯಸಿರಲಿಲ್ಲ. ಈ ಸಲ ನಾನು ನೇರವಾಗಿ ಮಾಲೀಕರನ್ನೇ ಕೇಳಿದೆ. ಅವರು ಆಗಲಿ ಎಂದರು, ಸಾಲಿ ಸುರುವಾಗುವ ಜೂನ್ ತಿಂಗಳಿಂದ ಖಾನಾಪುರ ಎಂದು ಮಾತು ಕೊಟ್ಟರು.

ಅದೇ ಹೊತ್ತಿಗೆ ಕಂಪ್ಯೂಟರುಗಳು ಬಂದವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಉದ್ಯಮಬಾಗದ ದೊಡ್ಡ ದೊಡ್ಡ ಫೌಂಡ್ರಿಗಳವರು ತಂದಿದ್ದರು, ನಮ್ಮ ಮಾಲೀಕರಿಗೂ ಆಸೆ ಹುಟ್ಟಿತು. ಐದು ಯಂತ್ರ ಬಂದು ಕೂತವು. ಅವನ್ನೆಲ್ಲ ಒಂದಕ್ಕೊಂದು ತಂತಿಯಿಂದ ಜೋಡಿಸಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವ ಹಾಗೆ ಮಾಡುವುದಕ್ಕೆ ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರ್ ಬಂದರು. ದಪ್ಪ ಆಸಾಮಿ, ಸೀಮೆಸುಣ್ಣ ತೆಗೆದುಕೊಂಡು ಬಂಗಲೆಯ ಕಲ್ಲುನೆಲದ ಮೇಲೇ ಚಿತ್ರ ಬರೆದು ವಿವರಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು.

“ಎರಡು ದಾರಿ ಅದಾವ್ರಿ. ಒಂದು, ಊರಿಗೊಂದು ಬಾವಿ ಇದ್ದಂಗ. ಬ್ಯಾರೇನ ಒಂದು ಯಂತ್ರ ತರೂದು, ಅದಕ್ಕ ಸರ್ವರ್ ಅಂತಾರ. ಎಲ್ಲಾರ ಕೆಲಸಾನೂ ಅದರಾಗ. ಅದರ ಮುಂದ ಯಾರೂ ಕುಂದರಂಗಿಲ್ಲ, ಅದನ್ನ ಯಾರೂ ಆರಸಂಗಿಲ್ಲ. ಇನ್ನೊಂದು, ಮನಿಗೊಂದು ಹಂಡೆ ಇದ್ದಂಗ. ಸರ್ವರ್ ಬ್ಯಾಡ. ಬೇಕಾದಾಗ ಅವರ ಹಂಡ್ಯಾಗ ಇವರು, ಇವರ ಹಂಡ್ಯಾಗ ಅವರು ತಂಬಿಗಿ ಅದ್ದೂದು. ಖರ್ಚು ಕಡಿಮಿ. ಆದ್ರ ಹಂಡೆ ಮನಿಯವ್ರು ಬಾಗಲಾ ಹಾಕ್ಕೊಂಡು ಹೋದ್ರಂದ್ರ ಉಳದವ್ರಿಗೆ ನೀರಿಲ್ಲ.”

“ಯಾವುದು ಚಲೋರಿ?” ಎಂದು ಬಶೀರ್ ಭಾಯ್ ಕೇಳಿದರು.

“ಐದs ಯಂತ್ರ ಅಂದ್ರ ಎರಡನೇದೂ ನಡೀತದ. ತಮ್ಮ ತಮ್ಮ ಕೆಲಸ ತಮ್ಮ ತಮ್ಮ ಯಂತ್ರದಾಗ ಇಟ್ಕೊಂಡ್ರ ಏನೂ ತ್ರಾಸಿಲ್ಲ. ಎಲ್ಲಾರೂ ಒಂದs ಕಡೆ ತುಂಬಾವ್ರಿದ್ರ ಸರ್ವರ್ ತರ್ರಿ.”

ಅಣ್ಣಾರು ಕೈಕಟ್ಟಿ ನಿಂತು ಕೇಳುತ್ತಿದ್ದವರು ಒಂದೇ ಒಂದು ಪ್ರಶ್ನೆ ಕೇಳಿದರು.

“ಆ ಸರ್ವರ್ ಎಲ್ಲಿ ಇಡಬೇಕಾಗ್ತದ?”

“ನಿಮ್ಮ ಖೋಲ್ಯಾಗರಿ. ಕೀಲಿ ನಿಮ್ಮ ಕೈಯಾಗ ಇರಬೇಕು.”

“ಅದರಾಗಿಂದು ಏನರ ಕೆಟ್ಟು ಹೋತಂದ್ರ?”

“ಕೀಲಿ ಇದ್ದವರು ನೋಡ್ಕೋಬೇಕ್ರಿ” ಎಂದು ಎಂಜಿನಿಯರ್ ನಕ್ಕರು.

ಅಣ್ಣಾರು ನಗಲಿಲ್ಲ. ನೆಲದ ಮೇಲಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಖ ಅರಳಿಸಿ ನಮ್ಮ ಕಡೆ ತಿರುಗಿ ಒಂದು ಭಾಷಣ ಮಾಡಿದರು. ಶರಣರ ನಾಡಿನಲ್ಲಿ ಒಬ್ಬ ಮೇಲೆ ಕೂತು ಉಳಿದವರು ಅವನ ಮುಂದೆ ಕೈಚಾಚುವುದು ಸರಿಯೇ? ಯಂತ್ರಗಳಲ್ಲಾದರೂ ಮೇಲು ಕೀಳು ಯಾಕೆ ಬೇಕು? “ಐದೂ ಸಮಾನ ಇರಲಿ. ಒಬ್ಬರಿಗೊಬ್ಬರು ಕೊಟ್ಟು ತಗೊಂಡು ಇರೂಣು. ಯಾರ ಟೇಬಲ್ಲೋ ಅವರ ಹೊಣಿ.” ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಬಶೀರ್ ಭಾಯ್ ಮಾತ್ರ ತಮ್ಮ ಟೇಬಲ್ಲಿಗೆ ಬಂದು ಕೂತು, “ಬಾಯಾರ, ಇವರು ಹಂಡೆ ಹಂಚಲಿಲ್ಲ, ಬೈಗಳಾ ಹಂಚಿದ್ರು” ಎಂದು ಗೊಣಗಿದರು. ನಾನು ಆಗ ನಕ್ಕುಬಿಟ್ಟೆ.

ಸರ್ವರ್ ಇಲ್ಲದ ನೆಟ್‌ವರ್ಕ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಂಜಿನಿಯರರ ಮಾತಿನಂತೆ ನಡೆದಿದ್ದರೆ ಅದು ನಡೆಯುತ್ತಿತ್ತು. ಆದರೆ ಐದರಲ್ಲಿ ಒಳಗೇ ದೊಡ್ಡ ಡಿಸ್ಕ್ ಇದ್ದ ಯಂತ್ರಗಳು ಎರಡೇ. ಒಂದು ಅಣ್ಣಾರ ಖೋಲಿಗೆ ಹೋಯಿತು. ಅದರ ಮೇಲಿನ ಹೊದಿಕೆಯನ್ನು ಅವರು ಎಂದೂ ತೆಗೆಯಲಿಲ್ಲ, ಅದರ ಮೇಲೆ ಹೂದಾನಿ ಇಟ್ಟರು. ಎಂಜಿನಿಯರ್ ಎಳೆದ ತಂತಿಯೂ ಅವರ ಬಾಗಿಲಿನ ತನಕ ಬಂದು ನಿಂತುಬಿಟ್ಟಿತು. “ನನಗ್ಯಾಕ? ನನಗೇನರ ಬೇಕಾದ್ರ ನಿಮ್ಮನ್ನ ಕೇಳ್ತೀನಲ್ಲ” ಎಂದರು. ಇನ್ನೊಂದು ಯಂತ್ರ ನನ್ನ ಟೇಬಲ್ಲಿಗೆ ಬಂತು. ಒಂದು ತಿಂಗಳೊಳಗೆ ಇಡೀ ಆಫೀಸಿನ ಕೆಲಸ, ಯಾವ ಗಿರಾಕಿಗೆ ಯಾವ ಹೆಂಚು, ಯಾವ ಲಾರಿ, ಯಾವ ಬಿಲ್ಲು, ಎಲ್ಲ ಬಂದು ನನ್ನ ಯಂತ್ರದಲ್ಲಿ ಕೂತಿತು. ಬೇರೆಯವರ ಯಂತ್ರದಲ್ಲಿ ಜಾಗವೇ ಇರಲಿಲ್ಲ.

ಅಲ್ಲಿಂದ ನನ್ನ ಬಾಳು ಬದಲಾಯಿತು. ನಾನು ಬಂದು ಯಂತ್ರ ಹಚ್ಚುವ ತನಕ ಉಳಿದವರು ಕೈಕಟ್ಟಿ ಕೂರಬೇಕು. ನಾನು ಆರಿಸಿದರೆ ಅವರ ಕೆಲಸ ಅರ್ಧಕ್ಕೆ ನಿಂತು ಹೋಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗಬೇಕು ಎಂದಾಯಿತು. ಪ್ಯಾಸೆಂಜರ್ ಗಾಡಿಯಲ್ಲಿ ಬಂದರೆ ತಡ, ಅದಕ್ಕೆ ನಸುಕಿನಲ್ಲಿ ಗಂಡ ನನ್ನನ್ನು ಹಳೆಯ ಮೊಪೆಡ್ಡಿನ ಮೇಲೆ ಖಾನಾಪುರಕ್ಕೆ ತಂದು ಬಸ್ಸಿಗೆ ಬಿಡುತ್ತಿದ್ದರು. ಸಂಜೆ ಮತ್ತೆ ಬಸ್ಸು, ಮತ್ತೆ ಮೊಪೆಡ್ಡು. ಒಂದು ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಮರುದಿನ ಅಣ್ಣಾರು ಎಲ್ಲರ ಮುಂದೆ “ತಂಗಿ ಬರದ ಇದ್ರ ಆಫೀಸಿಗೇ ಜ್ವರ ಬರ್ತದ” ಎಂದು ನಕ್ಕರು. ಸರ್ವರ್ ಬೇಡ ಎಂದವರಿಗೆ ಸಂಬಳ ಕೊಟ್ಟು ಸಾಕಿದ ಒಂದು ಸರ್ವರ್ ಸಿಕ್ಕಿತ್ತು. ಅದಕ್ಕೆ ಸೀರೆ ಉಡಿಸಿ ಕೂರಿಸಿದ್ದರು, ಅಷ್ಟೆ.

ಹೋಗಲಿ, ಜೂನ್ ತನಕ ತಾನೇ ಎಂದು ಸಹಿಸಿಕೊಂಡೆ. ಮಗಳಿಗೆ ನೀಲಿ ಸ್ಕರ್ಟು ಹೊಲಿಸಿದೆವು. “ಅವ್ವಾ, ಗಾಡ್ಯಾಗ ಕಿಟಕಿ ಕಡೆ ನಾ ಕುಂದರಾಕಿ” ಎಂದು ಅವಳು ಮುಂಚೆಯೇ ಕರಾರು ಮಾಡಿಕೊಂಡಿದ್ದಳು.

ಮಳೆಗಾಲಕ್ಕೆ ಮುಂಚಿನ ದಿನಗಳು ಹೆಂಚಿನ ವ್ಯಾಪಾರಕ್ಕೆ ಸುಗ್ಗಿ. ಎಲ್ಲರಿಗೂ ಮಳೆ ಬೀಳುವುದರೊಳಗೆ ಮನೆ ಹೊದಿಸಬೇಕು. ಗೋವೆಯಿಂದ, ಕೊಲ್ಹಾಪುರದಿಂದ, ಘಟ್ಟದ ಕೆಳಗಿನಿಂದ ಬೇಡಿಕೆಗಳು ಬಂದು ಬೀಳುತ್ತಿದ್ದವು. ಅಂಥ ಒಂದು ಮಧ್ಯಾಹ್ನ, ನಾಲ್ಕೂ ಟೇಬಲ್ಲಿನವರು ಕೆಲಸದಲ್ಲಿ ಮುಳುಗಿದ್ದಾಗ, ನಾನು ನೀರು ಕುಡಿಯಲು ಎದ್ದೆ. ಮಡಕೆ ಇದ್ದದ್ದು ಹಿಂದಿನ ಪಡಸಾಲೆಯಲ್ಲಿ. ಲೋಟ ಬಾಯಿಗೆ ಹಚ್ಚಿದ್ದೆ, ಒಳಗಿನಿಂದ ಬಶೀರ್ ಭಾಯ್ ಕೂಗಿದ್ದು ಕೇಳಿಸಿತು.

“ಅಯ್ಯೋ ಅಲ್ಲಾ! ಅಣ್ಣಾರ, ಏನ್ ಮಾಡಿದ್ರಿ!”

ಓಡಿ ಬಂದೆ. ನನ್ನ ಯಂತ್ರದ ಪರದೆ ಕಪ್ಪಾಗಿತ್ತು. ಅಣ್ಣಾರು ಯಾರೋ ಲಾರಿ ಮಾಲೀಕರ ಹೆಗಲ ಮೇಲೆ ಬಲಗೈ ಹಾಕಿಕೊಂಡು ಮಾತಾಡುತ್ತ ಹೊರಟವರು, ನನ್ನ ಖಾಲಿ ಕುರ್ಚಿ ಕಂಡು, ಎಡಗೈ ಹಿಂಬದಿಯಿಂದ ನನ್ನ ಟೇಬಲ್ಲಿನ ಸ್ವಿಚ್ಚನ್ನೂ ಆರಿಸಿದ್ದರು. ಫ್ಯಾನಿನ ಸ್ವಿಚ್ಚು, ಯಂತ್ರದ ಸ್ವಿಚ್ಚು ಎಂಬ ಭೇದ ಆ ಕೈಗೆ ಗೊತ್ತಿರಲಿಲ್ಲ. ಮತ್ತೆ ಹಚ್ಚಿ ನೋಡಿದರೆ ಪರದೆಯ ತುಂಬ ತಲೆಬುಡವಿಲ್ಲದ ಗುರುತುಗಳು. ನಾಲ್ಕು ಜನ ಒಟ್ಟಿಗೆ ಬರೆಯುತ್ತಿದ್ದ ಕಡತ ಅರ್ಧಕ್ಕೆ ಹರಿದು ಹೋಗಿತ್ತು. ಫ್ಲಾಪಿಗೆ ನಕಲು ಇಡುತ್ತಿದ್ದದ್ದು ಶನಿವಾರ ಶನಿವಾರ. ಸುಗ್ಗಿಯ ಆ ವಾರದ ಕೆಲಸವೆಲ್ಲ ಹೋಯಿತು.

ಅದರ ಪರಿಣಾಮ ಖಾನಾಪುರದಲ್ಲಿ ಕಂಡಿತು. ಬಾಯಿಮಾತಿನ ಮೇಲೆ ಲಾರಿ ತುಂಬಿಸಿದರು. ಗೋವೆಯವರಿಗೆ ಮಾಡಿನ ಹೆಂಚು ಬೇಕಿತ್ತು, ಬರೀ ನೆತ್ತಿಗೆ ಹಾಕುವ ದುಂಡು ಹೆಂಚು ಹೋಯಿತು. ಕೊಲ್ಹಾಪುರದವರಿಗೆ ಎರಡೆರಡು ಸಲ ಹೋಯಿತು. ಮೊದಲ ಮಳೆ ಬಿದ್ದಾಗ ಅರ್ಧ ಹೊದಿಸಿದ ಮನೆಯವರು ಫೋನಿನಲ್ಲಿ ಬೈದ ಬೈಗಳು ಇಂದಿಗೂ ನನ್ನ ಕಿವಿಯಲ್ಲಿವೆ. ಸಿಟ್ಟಿನಲ್ಲಿ ಮಾಲೀಕರು ಬಂದರು.

ಅಣ್ಣಾರು ಎಲ್ಲರನ್ನೂ ಕರೆದು ನಿಲ್ಲಿಸಿ, ಮಾಲೀಕರ ಮುಂದೆ, ಅದೇ ಮೆದು ದನಿಯಲ್ಲಿ ಕೇಳಿದರು. “ಕೈ ಯಾರದು?”

ಬಶೀರ್ ಭಾಯ್ ಒಂದು ಹೆಜ್ಜೆ ಮುಂದೆ ಬಂದರು. ಮೂರು ಹೆಣ್ಣುಮಕ್ಕಳ ಮದುವೆ ಬಾಕಿ ಇದ್ದ ಮನುಷ್ಯ. ಮಗನ ಕಾಲು ಮುರಿದ ರಾತ್ರಿಯ ಉಪಕಾರವೂ ಮೈಮೇಲಿತ್ತು.

“ಕೈ ನಿಮ್ದರಿ ಅಣ್ಣಾರ. ನಾ ಕಣ್ಣಾರೆ ನೋಡೀನಿ.”

ಅಣ್ಣಾರು ಒಂದು ಕ್ಷಣ ಬಶೀರ್ ಭಾಯ್ ಮುಖವನ್ನೇ ನೋಡಿದರು. ಆಮೇಲೆ ತಲೆದೂಗಿದರು.

“ಇರಬಹುದು. ನಾ ಮುಚ್ಚಿಡಾಂವ ಅಲ್ಲ. ಆದ್ರ ಟೇಬಲ್ ಯಾರದು? ತನ್ನ ಟೇಬಲ್ ಬಿಟ್ಟು ಎದ್ದು ಹೋಗಾಕಿ ಬಾಜೂದವ್ರಿಗೆ ಒಂದು ಮಾತು ಹೇಳಿ ಹೋಗಬಾರದೇನು?”

ಹತ್ತು ವರ್ಷಕ್ಕೂ ಮೇಲೆ ಕೈಯ ಲೆಕ್ಕ ಕೇಳಿದ ಮನುಷ್ಯ, ಕೈ ತನ್ನದು ಎಂದಾದ ದಿನ ಟೇಬಲ್ಲಿನ ಲೆಕ್ಕ ತೆಗೆದ. ಇಲ್ಲಿ ಬಹುವಚನ ಬಿಟ್ಟಿದ್ದೇನೆ, ಬೇಕೆಂತಲೇ ಬಿಟ್ಟಿದ್ದೇನೆ. ಮಾಲೀಕರಿಗೆ ಯಂತ್ರವೂ ತಿಳಿಯದು, ಟೇಬಲ್ಲೂ ತಿಳಿಯದು. ಯಾರೋ ಒಬ್ಬರ ಹೆಸರು ಬೇಕಿತ್ತು, ಸಿಕ್ಕಿತು. ಹಾಳಾದದ್ದು ಸರಿಹೋಗುವ ತನಕ ಪ್ರಮೀಳಾಬಾಯಿ, ಅಂದರೆ ನಾನು, ಇಲ್ಲೇ ಇರಲಿ ಎಂದು ಹೇಳಿ ಕಾರು ಹತ್ತಿದರು. ಖಾನಾಪುರ ಅಲ್ಲಿಗೆ ಮುಗಿಯಿತು.

ಜೂನಿನಲ್ಲಿ ಮಗಳು ಒಬ್ಬಳೇ ಗಾಡಿ ಹತ್ತಿದಳು. ಅವಳು ಏಳುವ ಮೊದಲೇ ನಾನು ಬಸ್ಸಿನಲ್ಲಿರುತ್ತಿದ್ದೆ, ಅವಳನ್ನು ಕಳಿಸಲೂ ಆಗಲಿಲ್ಲ. ಅವಳ ಜಡೆ ಅತ್ತೆಯವರು ಹೆಣೆದರು. ಆವತ್ತು ಬಸ್ಸು ದೇಸೂರಿನ ಹತ್ತಿರ ಬಂದಾಗ ನಾನು ಅತ್ತುಬಿಟ್ಟೆ. ಬಾಜೂ ಕೂತ ಹೆಂಗಸು “ಯಾರ ಹೋದ್ರವಾ?” ಎಂದು ಕೇಳಿದಳು.

ಕೆಟ್ಟದ್ದನ್ನೆಲ್ಲ ಸರಿಪಡಿಸಿದೆ. ದೀಪಾವಳಿಗೆ ಮುಂಚೆಯೇ ಕೆಲಸ ಮುಗಿದಿತ್ತು. ಆದರೂ ನನ್ನನ್ನು ಬಿಡಲಿಲ್ಲ. “ನೀ ಹೋದ್ರ ನಿನ್ನ ಯಂತ್ರ ಯಾರು ನೋಡ್ಕೋಬೇಕು?” ಎಂಬುದು ಹೊಸ ರಾಗ. ನಾನೇ ಹುಬ್ಬಳ್ಳಿಯ ಎಂಜಿನಿಯರರನ್ನು ಮತ್ತೆ ಕರೆಸುವಂತೆ ಮಾಡಿದೆ. ಅವರು ಬಂದು ನೋಡಿ ಹಣೆ ಚಚ್ಚಿಕೊಂಡರು. ಅಣ್ಣಾರ ಖೋಲಿಯಲ್ಲಿ ಹೂದಾನಿ ಹೊತ್ತು ಕೂತ ಯಂತ್ರವನ್ನೇ ಸರ್ವರ್ ಮಾಡಬಹುದು, ಹೊಸದು ತರುವುದೂ ಬೇಡ ಎಂದರು.

“ನಮ್ಮಲ್ಲಿ ಮ್ಯಾಲ-ಕೆಳಗ ಇಲ್ರಿ” ಎಂದರು ಅಣ್ಣಾರು.

“ಈಗೂ ನಿಮ್ಮಲ್ಲಿ ಸರ್ವರ್ ಐತ್ರಿ. ಈ ಬಾಯಾರು ಅದರ ಮುಂದ ಕುಂತಾರ, ಅಷ್ಟ ಫರಕು” ಎಂದು ಎಂಜಿನಿಯರ್ ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಅಣ್ಣಾರು ಅವರಿಗೆ ಚಹಾ ಕುಡಿಸಿ, ಬಸ್‌ಸ್ಟ್ಯಾಂಡಿನ ತನಕ ತಾವೇ ಹೋಗಿ ಬಿಟ್ಟು ಬಂದರು. ಆಮೇಲೆ ಆ ಮಾತು ಏಳಲಿಲ್ಲ.

ಮಗಳ ಹೈಸ್ಕೂಲು ಮುಗಿದ ವರ್ಷ ಅವರು ನಿವೃತ್ತರಾದರು. ಹೊಸ ಮ್ಯಾನೇಜರು ಬಂದವರೇ ಹೂದಾನಿ ಇಳಿಸಿದರು, ಒಂದು ವಾರದಲ್ಲಿ ಸರ್ವರ್ ನಡೆಯಿತು, ನನ್ನನ್ನು ಖಾನಾಪುರಕ್ಕೆ ಕಳಿಸಿದರು. ಆ ಜೂನಿನಲ್ಲಿ ಮಗಳು ಕಾಲೇಜಿಗೆಂದು ಬೆಳಗಾವಿಗೆ ಹೋಗಿ ಹಾಸ್ಟೆಲ್ಲಿನಲ್ಲಿ ಉಳಿದಳು. ಹೊರಡುವಾಗ ನನ್ನ ಕಾಲಿಗೆ ಬಿದ್ದಳು, ಅತ್ತೆಯವರನ್ನು ತಬ್ಬಿಕೊಂಡು ಅತ್ತಳು. ಅವಳ ತಪ್ಪಲ್ಲ ಅದು.

ಇಷ್ಟಾದರೂ ಒಂದು ಮಾತನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಅವರ ಪರವಾಗಿ ಇಟ್ಟುಕೊಂಡಿದ್ದೆ. ಹಳೆಯ ಕಾಲದ ಮನುಷ್ಯ, ಯಂತ್ರ ಎಂದರೆ ಹೆದರಿಕೆ, ತನ್ನ ಮೈಮೇಲೆ ಬಂದೀತು ಎಂಬ ಪುಕ್ಕಲು. ನನ್ನನ್ನು ಕಟ್ಟಿಹಾಕಿದ್ದು ಅವರಿಗೇ ತಿಳಿದಿರಲಿಕ್ಕಿಲ್ಲ ಎಂದು.

ಗಂಡನ ಒತ್ತಾಯಕ್ಕೆ ಮೊನ್ನೆ ಸದಾಶಿವನಗರದ ಅವರ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಸೇವಂತಿಗೆ ಹಾರ ಕಟ್ಟಿಸಿಕೊಂಡಿದ್ದೆ. ಅವರ ಹೆಂಡತಿಯನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು, ಅಣ್ಣನ ಹೆಂಡತಿಯಲ್ಲವೇ. ನನ್ನ ಕೈ ಹಿಡಿದು ಬಾಜೂ ಕೂರಿಸಿಕೊಂಡರು. ಒಳ್ಳೆಯ ಹೆಣ್ಣುಮಗಳು, ಕಣ್ಣು ಊದಿಕೊಂಡಿತ್ತು.

“ನಿಮ್ಮ ಹೆಸರು ಮನ್ಯಾಗ ದಿನಾ ಬರ್ತಿತ್ತರಿ. ಹುಬ್ಬಳ್ಳಿ ಎಂಜಿನಿಯರ್ ಎರಡನೇ ಸಲ ಬಂದು ಹ್ವಾದ ದಿನ ಉಣ್ಣಾಕ ಕುಂತಾಗ ನಾನs ಅಂದೆ, ತಂದುಬಿಡ್ರಲಾ ಅದೇನೋ ಸರ್ವರ್ ಅಂತಾರಲ್ಲ, ಎಲ್ಲಾರಿಗೂ ಹಗುರಾಗ್ತದ ಅಂತ. ಏನಂದ್ರು ಗೊತ್ತೇನ್ರಿ? ‘ಹುಚ್ಚಿ, ಅದು ಬಂತಂದ್ರ ಆಕಿನ್ನ ಖಾನಾಪುರಕ್ಕ ಕಳಸಬೇಕಾಗ್ತದ. ಆಕಿನ್ನ ಕಳಿಸಿ ನಾ ಏನ್ ಮಾಡ್ಲಿ? ನಾ ನಿವೃತ್ತ ಆಗೂತನಕ ಆಕಿ ಅಲ್ಲೇ ಇರಲಿ’ ಅಂದ್ರು. ಅಷ್ಟು ಭರವಸಾ ಇತ್ತರಿ ನಿಮ್ಮ ಮ್ಯಾಲ.”

ಹೊಗಳಿಕೆ ಎಂದೇ ಹೇಳಿದರು. ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದರು.

ಎಲ್ಲ ಗೊತ್ತಿತ್ತು ಆ ಮನುಷ್ಯನಿಗೆ. ಸರ್ವರ್ ಎಂದರೆ ಏನೆಂದು ಗೊತ್ತಿತ್ತು, ಅದು ಬಂದರೆ ನಾನು ಬಿಡುಗಡೆಯಾಗುತ್ತೇನೆಂದು ಗೊತ್ತಿತ್ತು. ತುತ್ತು ಬಾಯಿಗಿಡುತ್ತ ನನ್ನ ಮೂರು ವರ್ಷದ ಲೆಕ್ಕ ಮುಗಿಸಿದ್ದ.

“ನನ್ನ ಮಗಳು ಆಗ ಎಂಟನೇ ಇಯತ್ತೆ ಇದ್ಳರಿ ವೈನಿ” ಎಂದೆ.

“ಹೌದೇನ್ರಿ? ಈಗ ಆರಾಮ ಅದಾಳಲ್ಲ?”

“ಆರಾಮ ಅದಾಳ್ರಿ” ಎಂದು ಎದ್ದೆ.

ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹೊರಗೆ ಬಂದಾಗ ಹಾರ ಕೈಯಲ್ಲೇ ಇತ್ತು. ಫೋಟೋಕ್ಕೆ ಹಾಕುವುದನ್ನು ನಾನು ಮರೆತಿರಲಿಲ್ಲ.